ಮದ್ರಾಸಿನ ಕೆಂಪು ಕಟ್ಟೋಣವೂ ಬಂಟ್ವಾಳದ ಬಾಳಿಗರೂ

ಹಳೆ ಕಾಗದದ ವಿಷಯಲ್ಲಿ ನಮ್ಮ ಊರಿನ ಜೆನಂಗೊ ಎರಡು ನಮುನೆ. ಒಂದು ನಮುನೆಯವು ಅಜ್ಜನ ಕಾಲದ ತೀರ್ವೆ ರಶೀದಿಂದ ಹಿಡುದು ಮೊನ್ನೆಯಾಣ ಮದುವೆ ಕಾಗದದ ವರೆಗೆ ಎಲ್ಲವನ್ನೂ ಅಟ್ಟಲ್ಲಿ ಮಡುಗುತ್ತವು. ಇನ್ನೊಂದು ನಮುನೆಯವು ದೀಪಾವಳಿಗೆ ಮನೆ ಉಡುಗುವಗ ಎಲ್ಲವನ್ನೂ ಒಟ್ಟಿಂಗೆ ಬೆಶಿನೀರ ಒಲೆಗೆ ಹಾಕುತ್ತವು. ಇವೆರಡರ ನೆಡುಗೆ ಕೂದು, ಇದು ಬೇಕು, ಇದು ಬೇಡ, ಬೇಕಾದ್ದು ಇಂಥಾ ಜಾಗೆಲಿ ಇದ್ದು ಹೇಳಿ ಪಟ್ಟಿ ಮಾಡಿ ಮಡುಗುದೇ ಒಂದು ಉದ್ಯೋಗ, ಅದಕ್ಕೆ ಸರಕಾರ ತಿಂಗಳು ತಿಂಗಳು ಸಂಬಳ ಕೊಡ್ತು ಹೇಳಿ ಹೆಚ್ಚಿನವಕ್ಕೆ ಗೊಂತಿಲ್ಲೆ.

ಆ ಉದ್ಯೋಗಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕೂದ ಒಬ್ಬರ ಶುದ್ದಿ ಇಂದು ಹೇಳ್ತೆ. ಅವರ ಹೆಸರಿನ ಮೊದಲಾಣ ಅಕ್ಷರವೇ ನಮ್ಮ ಬಂಟ್ವಾಳ. ಬಂಟ್ವಾಳ ಸುರೇಂದ್ರನಾಥ ಬಾಳಿಗ. ಪುಸ್ತಕಂಗಳಲ್ಲಿ ರಾವ್ ಬಹಾದ್ದೂರ್ ಡಾಕ್ಟರ್ ಬಿ. ಎಸ್. ಬಾಳಿಗ ಹೇಳಿ ಇಪ್ಪದು. 1930ರ ದಶಕದ ನೆಡುವಿಂದ 1950ರ ದಶಕದ ಕೊನೆ ಹೊಡೆ ವರೆಗೆ ಮದ್ರಾಸು ರೆಕಾರ್ಡ್ ಆಪೀಸಿನ ಕ್ಯುರೇಟರ್ ಆಗಿತ್ತಿದ್ದವು. ಕ್ಯುರೇಟರ್ ಹೇಳಿರೆ ಮ್ಯೂಸಿಯಮಿಲಿ ಗಾಜಿನ ಪೆಟ್ಟಿಗೆಗೆ ಧೂಳು ಉದ್ದುಸುವ ಕೆಲಸ ಹೇಳಿ ಗ್ರೇಶೆಡಿ. ಇಡೀ ಮದ್ರಾಸು ಸರಕಾರದ ಹಳೆ ಕಾಗದ ಅವರ ಸುಪರ್ದಿಲಿ. ನಮ್ಮ ಲೆಕ್ಕಲ್ಲಿ ಹೇಳ್ತರೆ ಅನುಪ್ಪತ್ಯದ ಮನೆಲಿ ಉಗ್ರಾಣಲ್ಲಿ ಕೂಪೋರ ಹಾಂಗೆ. ಯೇವ ಕೊಪ್ಪರಿಗೆ ಎಲ್ಲಿದ್ದು, ಬೆಲ್ಲ ಎಷ್ಟು ಒಳುದ್ದು, ಆರ ಮನೆಂದ ತಂದ ಸಟ್ಟುಗ ಯೇವದು, ಎಲ್ಲ ಅವಕ್ಕೆ ಬಾಯಿಪಾಠ. ಹಂತಿಲಿ ಕೂದು ಉಂಬೋರು ಅಡಿಗೆಯೋರ ಹೊಗಳುತ್ತವು, ಉಗ್ರಾಣದೋರ ನೆಂಪು ಬಪ್ಪದು ಎಂತಾರು ಕಾಣೆ ಆದರೆ ಮಾಂತ್ರ.

ಮಂಗ್ಳೂರು ಸೀಮೆಯ ಕಾಗದಕ್ಕೂ ಮದ್ರಾಸಿಂಗೂ ಎಂತ ಸಂಬಂಧ ಹೇಳಿ ಈಗಾಣ ಮಕ್ಕೊ ಕೇಳ್ತವು. ಅದು ಸುರು ಆದ್ದು 1799ರಲ್ಲಿ. ಟಿಪ್ಪು ಬಿದ್ದಪ್ಪಗ ಕೆನರಾ ಸೀಮೆ ಕಂಪೆನಿಯ ಕೈಗೆ ಬಂತು, ಥಾಮಸ್ ಮನ್ರೋ ದೊರೆ ಕಲೆಕ್ಟರ್ ಆಗಿ ಬಂದವು. ಇತ್ತಿದ್ದು ಒಂದೂಕಾಲು ವರ್ಷ ಅಷ್ಟೆ. ಇಲ್ಯಾಣ ಮಳೆಯೂ ಹೊಳೆ ದಾಂಟುವ ಕಷ್ಟವೂ ಅವಕ್ಕೆ ಹಿಡಿಶಿದ್ದಿಲ್ಲೆ, ಬೇರೆ ಕಡೆಂಗೆ ಹಾಕಿ ಹೇಳಿ ಬರಕ್ಕೊಂಡೇ ಇತ್ತಿದ್ದವು. ಆದರೆ ಹೋಪಂದ ಮೊದಲು ಮಾಡಿದ ಕೆಲಸ ಸಣ್ಣದಲ್ಲ. ಶಾನುಭಾಗರ ಹಳೆ ಲೆಕ್ಕದ ಪುಸ್ತಕಂಗಳ ತರ್ಸಿ ನೋಡಿ, ಈ ಸೀಮೆಲಿ ಭೂಮಿ ಆರದ್ದು, ತೀರ್ವೆ ಎಷ್ಟು, ಮೂಲಗೇಣಿ ಹೇಳಿರೆ ಎಂತರ ಹೇಳಿ 1800ರ ಮೇ ತಿಂಗಳಿಲಿ ಮದ್ರಾಸಿನ ರೆವೆನ್ಯೂ ಬೋರ್ಡಿಂಗೆ ಉದ್ದದ ವರದಿ ಬರದವು. ಭೂಮಿ ಒಕ್ಕಲಿನದ್ದೇ ಸ್ವಂತ, ಅದರ ಮಾರ್ಲೂ ಕೊಡ್ಲೂ ಅವಕ್ಕೆ ಹಕ್ಕಿದ್ದು ಹೇಳಿ ಒಬ್ಬ ಬಿಳಿ ದೊರೆ ಒಪ್ಪಿ ಬರದ್ದು ನಮ್ಮ ಊರಿನ ಮಟ್ಟಿಂಗೆ ದೊಡ್ಡ ಸಂಗತಿ. ಮತ್ತೆ ನೂರೈವತ್ತು ವರ್ಷ ಜಾಗೆಯ ತಕರಾರಿಲಿ ವಕೀಲಕ್ಕೊ ಆ ವರದಿಯ ಎತ್ತಿ ಹೇಳಿದ್ದಕ್ಕೆ ಲೆಕ್ಕ ಇಲ್ಲೆ.

ಆ ಶಾನುಭಾಗರ ಪುಸ್ತಕಕ್ಕೆ ಕಡತ ಹೇಳಿ ಹೆಸರು. ಬಟ್ಟೆಗೆ ಹುಣಸೆಬಿತ್ತಿನ ಅಂಟೂ ಮಸಿಯೂ ಕಲಸಿ ಉದ್ದಿ, ಒಣಗ್ಸಿ, ಮಡಿಕ್ಕೆ ಮಡಿಕ್ಕೆ ಆಗಿ ಮಡುಸುದು. ಅದರ ಮೇಗೆ ಬಳಪಲ್ಲಿ ಬರವದು. ಈಗ ಸರಕಾರಿ ಕನ್ನಡಲ್ಲಿ ಫೈಲಿಂಗೆ 'ಕಡತ' ಹೇಳ್ತವಲ್ಲದಾ, ಅದು ಈ ಕಪ್ಪು ಬಟ್ಟೆಯ ಹೆಸರೇ. ವಿಧಾನಸೌಧಲ್ಲಿ ಕಡತ ವಿಲೇವಾರಿ ಹೇಳಿ ಹೇಳುವಗ ಎನಗೆ ಹುಣಸೆಬಿತ್ತಿನ ವಾಸನೆಯೇ ಬಪ್ಪದು.

ಕಂಪೆನಿಯೋರ ಕ್ರಮ ಒಂದು ಇದ್ದತ್ತು, ಅದರ ಮೆಚ್ಚೆಕ್ಕು. ಮಂಗ್ಳೂರಿನ ಕಲೆಕ್ಟರು ಬರದ ಕಾಗದದ ಒಂದು ನಕಲು ಮಂಗ್ಳೂರಿಲೇ ಪುಸ್ತಕಲ್ಲಿ ಏರ್ಸುದು. ಮೂಲ ಮದ್ರಾಸಿನ ಬೋರ್ಡಿಂಗೆ. ಬೋರ್ಡಿಲಿ ಅದರ ಓದಿ ಎಂತ ತೀರ್ಮಾನ ಆತು ಹೇಳ್ತದರ ಅವು ಬೇರೆ ಪುಸ್ತಕಲ್ಲಿ ಬರವದು. ಅದರ ನಕಲು ಹಡಗಿಲಿ ಲಂಡನಿಂಗೆ. ನಂಬಿಕೆ ಇಲ್ಲದ್ದ ಯೆಜಮಾನ ಮನೆಯಾಳುಗಳ ಹತ್ತರೆ ಲೆಕ್ಕ ಕೇಳಿದ ಹಾಂಗೆ ಸಾವಿರಾರು ಮೈಲು ದೂರಂದ ಲೆಕ್ಕ ಕೇಳಿಗೊಂಡಿತ್ತಿದ್ದವು. ಅವು ಮಾಡಿದ್ದು ಅವರ ಲಾಭಕ್ಕೆ. ಆದರೆ ನವಗೆ ಆದ ಗುಣ ಎಂತರ ಹೇಳಿರೆ, ಮಂಗ್ಳೂರಿನದ್ದರ ಒರಳೆ ತಿಂದರೂ ಮದ್ರಾಸಿನದ್ದು ಒಳಿಗು, ಮದ್ರಾಸಿನದ್ದು ಹೋದರೂ ಲಂಡನಿಂದು ಸಿಕ್ಕುಗು.

1862ರಲ್ಲಿ ಉತ್ತರ ಕನ್ನಡವ ಬೊಂಬಾಯಿಗೆ ಸೇರ್ಸಿದವು. ದಕ್ಷಿಣ ಕನ್ನಡ ಮಾಂತ್ರ 1956ರ ವರೆಗೆ ಮದ್ರಾಸಿನೊಟ್ಟಿಂಗೇ ಒಳುದತ್ತು. ಒಂದೂವರೆ ನೂರು ವರ್ಷಂದ ಹೆಚ್ಚಿನ ನಮ್ಮ ಜಾಗೆ, ಜಗಳ, ಬರಗಾಲ, ದೇವಸ್ಥಾನದ ತಸ್ತೀಕು, ಎಲ್ಲವೂ ಆ ಊರಿನ ಕಪಾಟುಗಳಲ್ಲಿ.

ಕಪಾಟು ಇಪ್ಪ ಕಟ್ಟೋಣ ಎಗ್ಮೋರಿಲಿ, ರೈಲು ಸ್ಟೇಶನಿನ ಹತ್ತರೆಯೇ. ಕೆಂಪು ಇಟ್ಟಿಗೆದು. 1909ರಲ್ಲಿ ಮುಗುದ್ದು. ಅದಕ್ಕೆ ಮೊದಲು ಕಾಗದಂಗೊ ಸೆಂಟ್ ಜಾರ್ಜ್ ಕೋಟೆಯ ಒಳ ತುಂಬಿ ತುಳುಕಿಗೊಂಡಿದ್ದತ್ತು. 1670ರ ದಶಕದ ಡೈರಿಗಳಿಂದ ಸುರು ಆವ್ತು ಅಲ್ಯಾಣ ಸಂಗ್ರಹ. ಕೊಚ್ಚಿಲಿ ಇತ್ತಿದ್ದ ಡಚ್ಚರು ಬಿಟ್ಟಿಕ್ಕಿ ಹೋದ ಡಚ್ ಭಾಷೆಯ ಕಾಗದಂಗಳೂ ಅಲ್ಲೇ ಇದ್ದು. ಓದುವೋರು ಆರೂ ಇಲ್ಲದ್ದರೂ ಮಡುಗಿದವಲ್ಲದಾ, ಅದು ವಿಶೇಷ. ಮತ್ತೆ ಡಚ್ ಬಪ್ಪ ಪಾದ್ರಿಗಳ ಹುಡ್ಕಿ ಅದರ ಕೆಲವು ಭಾಗ ಅಚ್ಚು ಮಾಡ್ಸಿದವು.

ಅಲ್ಲಿಗೆ ಸುರುವಾಣ ಕ್ಯುರೇಟರ್ ಆಗಿ ಬಂದದು ಹೆನ್ರಿ ಡಾಡ್‌ವೆಲ್. ಬುದ್ಧಿವಂತ ಜೆನ, ಸಂಶಯ ಇಲ್ಲೆ. ಕೋಟೆಯ 1672ರ ಡೈರಿಂದ ಹಿಡುದು ಹಳೆ ಕಾಗದಂಗಳ ಸಾಲಾಗಿ ಅಚ್ಚು ಹಾಕುವ ಕೆಲಸ 1910ಕ್ಕೇ ಸುರು ಆಗಿದ್ದತ್ತು, ಅದರ ಅವು ಮುಂದೆ ತೆಕ್ಕೊಂಡು ಹೋದವು. ಪಾಂಡಿಚೇರಿಯ ದುಭಾಷಿ ಆನಂದರಂಗ ಪಿಳ್ಳೆ ತಮಿಳಿಲಿ ಬರದ ದಿನಚರಿಯ ಇಂಗ್ಲಿಷ್ ಸಂಪುಟಂಗಳಲ್ಲಿ ಸುರುವಾಣ ಮೂರರ ಬಿಟ್ಟು ಒಳುದವರ ಸಂಪಾದನೆಯೂ ಅವರದ್ದೇ. ಡ್ಯೂಪ್ಲೆ, ಕ್ಲೈವ್ ಇವರ ಬಗ್ಗೆ ಸ್ವಂತ ಪುಸ್ತಕ ಬರದವು. 1922ರಲ್ಲಿ ಲಂಡನಿಲಿ ಪ್ರೊಫೆಸರು ಕೆಲಸ ಸಿಕ್ಕಿತ್ತು, ಹೋದವು. ಆನು ಅದರ ತಪ್ಪು ಹೇಳ್ತಿಲ್ಲೆ. ಆದರೆ ರೆಕಾರ್ಡ್ ಆಪೀಸು ಹೇಳಿರೆ ಇತಿಹಾಸಕಾರ ಅಪ್ಪಲೆ ಒಂದು ಮೆಟ್ಲು ಹೇಳಿ ಆತು ಅವರ ಕಾಲಲ್ಲಿ. ಬಾಳಿಗರು ಆ ಮೆಟ್ಲಿಲೇ ಮನೆ ಕಟ್ಟಿ ಕೂದೋರು.

ಬಾಳಿಗರುದೆ ಲಂಡನಿಂಗೆ ಹೋಗಿ ಡಾಕ್ಟರೇಟು ಮಾಡಿದೋರೇ. ವಿಷಯ ಕೇಳಿರೆ ನೆಗೆ ಬಕ್ಕು. ಹತ್ತೊಂಬತ್ತನೇ ಶತಮಾನದ ಸುರುವಿಲಿ ಬಂಗಾಳದ ಭೂಕಂದಾಯ, ನ್ಯಾಯ ಇದರ ಮೇಗೆ ಲಂಡನಿನ ಯೆಜಮಾನಕ್ಕಳ ಹಿಡಿತ ಎಷ್ಟಿದ್ದತ್ತು ಹೇಳ್ತದು. ಬಂಟ್ವಾಳದ ಹೆಸರು ಹೊತ್ತೋರು, ಮದ್ರಾಸು ಪ್ರಾಂತ್ಯದೋರು, ಲಂಡನಿಲಿ ಕೂದು ಬಂಗಾಳದ ಫೈಲು ಓದುದು! ಆದರೆ ಆಲೋಚನೆ ಮಾಡಿರೆ ಅದಕ್ಕಿಂತ ಒಳ್ಳೆ ತರಬೇತಿ ಬೇರೆ ಇಲ್ಲೆ. ಜಿಲ್ಲೆಂದ ರಾಜಧಾನಿಗೆ, ರಾಜಧಾನಿಂದ ಲಂಡನಿಂಗೆ, ಅಲ್ಲಿಂದ ವಾಪಾಸು, ಒಂದು ಕಾಗದ ಹೇಂಗೆ ಹೋವ್ತು, ನೆಡುಗೆ ಆರೆಲ್ಲ ಷರಾ ಬರೆತ್ತವು, ಯೇವ ಪುಸ್ತಕಲ್ಲಿ ಅದರ ನೆರಳು ಒಳಿತ್ತು, ಇದೆಲ್ಲ ಆ ವಿಷಯಲ್ಲಿ ಕಲ್ತಲ್ಲದ್ದೆ ಮುಗಿಯ. ಕಾಗದ ನಡವ ದಾರಿ ಗೊಂತಿದ್ದೋರಿಂಗೆ ಕಾಣೆ ಆದ ಕಾಗದವ ಎಲ್ಲಿ ಹುಡ್ಕೆಕ್ಕು ಹೇಳಿ ಗೊಂತಿರ್ತು.

ಅಂಬಗ ದಿನಾಗ್ಲೂ ಎಂತ ಕೆಲಸ? ದೊಡ್ಡ ಪಾಲು, ಬೇರೆ ಇಲಾಖೆಯೋರ ಪ್ರಶ್ನೆಗೆ ಉತ್ತರ ಕೊಡುದು. ಸಚಿವಾಲಯಂದ ಚೀಟಿ ಬತ್ತು. ಇಂಥಾ ಊರಿನ ಕೆರೆಯ ರಿಪೇರಿ ಆರ ಖರ್ಚು ಹೇಳಿ ಮೊದಲೊಂದರಿ ತೀರ್ಮಾನ ಆಗಿದ್ದತ್ತಡ, ಎಂತ ಹೇಳಿ ಬೇಕು, ನಾಳಂಗೆ ಬೇಕು. ಮಂತ್ರಿ ಸಭೆಲಿ ಉತ್ತರ ಹೇಳೆಕ್ಕು. ಆ ಚೀಟಿಗೆ ಸೂಚಿ ಹುಡ್ಕಿ, ಕಟ್ಟ ತೆಗದು, ಧೂಳು ಕುಡುಗಿ, ಸಾರಾಂಶ ಬರದು ಕಳುಸೆಕ್ಕು. ಬಾಳಿಗರು ಹಾಂಗೆ ಹಳೆ ಆಡಳ್ತೆಯ ವಿಷಯಲ್ಲಿ ಬರದ ಲೇಖನಂಗಳೇ ಅವು ತೀರಿಹೋದ ಮೇಗೆ 1960ರಲ್ಲಿ 'ಸ್ಟಡೀಸ್ ಇನ್ ಮದ್ರಾಸ್ ಅಡ್ಮಿನಿಸ್ಟ್ರೇಶನ್' ಹೇಳಿ ಎರಡು ಭಾಗ ಪುಸ್ತಕ ಆತು. ಓದ್ಲೆ ರುಚಿ ಇಪ್ಪ ಪುಸ್ತಕ ಅಲ್ಲ, ಸತ್ಯ ಹೇಳೆಕ್ಕು. ಉಪ್ಪು ಮೆಣಸು ಹಾಕದ್ದ ಬೇಯಿಸಿದ ಬಾಗದ ಹಾಂಗಿದ್ದು. ಆದರೆ ಹಸಿವಿಪ್ಪೋರಿಂಗೆ ಅದುವೇ ಸಾಕು. ರೈತವಾರಿ ಪದ್ಧತಿ ಹೇಂಗೆ ಬಂತು ಹೇಳಿ ಹುಡ್ಕುವೋರು ಇಂದಿಂಗೂ ಆ ಪುಸ್ತಕಕ್ಕೇ ಹೋಪದು.

ಇನ್ನು ಕಷ್ಟದ ಕೆಲಸಕ್ಕೆ ಬಪ್ಪೊ. ಎಲ್ಲವನ್ನೂ ಮಡುಗಿರೆ ಮಡುಗಲೆ ಜಾಗೆ ಎಲ್ಲಿದ್ದು? ಮದ್ರಾಸು ಸರಕಾರದ ಆಪೀಸುಗಳಲ್ಲಿ ಒಂದು ಕ್ರಮ ಇದ್ದತ್ತು, ತಮಿಳುನಾಡಿಲಿ ಈಗಳೂ ಇದ್ದು. ಕಾಗದದ ಕೆಲಸ ಮುಗುದಪ್ಪಗ ಅದರ ಮೇಗೆ ಒಂದು ಗುರ್ತ ಹಾಕುದು. ಎಲ್. ಡಿಸ್. ಹೇಳಿ ಹಾಕಿರೆ ಒಂದು ವರ್ಷ ಕಳುದು ಇಡ್ಕುಲಕ್ಕು. ಕೆ. ಡಿಸ್. ಆದರೆ ಮೂರು ವರ್ಷ. ಡಿ. ಡಿಸ್. ಹತ್ತು ವರ್ಷ. ಆರ್. ಡಿಸ್. ಹೇಳಿರೆ ಶಾಶ್ವತ, ಸೂರ್ಯ ಚಂದ್ರ ಇಪ್ಪಷ್ಟು ಕಾಲ. ಎನ್. ಡಿಸ್. ಹೇಳಿ ಇನ್ನೊಂದಿದ್ದು, ಬಂದ ಕಾಗದವನ್ನೇ ಷರಾ ಬರದು ವಾಪಾಸು ಕಳುಸುದು, ಆಪೀಸಿಲಿ ಎಂತದೂ ಒಳಿತ್ತಿಲ್ಲೆ. ಈ ಅಕ್ಷರವ ಹಾಕುದು ದೊಡ್ಡ ಇತಿಹಾಸಕಾರ ಅಲ್ಲ. ತಾಲೂಕು ಕಚೇರಿಲಿ ಹೊತ್ತೋಪಗ ಐದು ಗಂಟೆಗೆ ಮನಗೆ ಹೋಪ ಅಂಬ್ರೆಪ್ಪಿಲಿ ಇಪ್ಪ ಗುಮಾಸ್ತ ಬರೆತ್ತ, ಮೇಗಾಣೋರು ರುಜು ಹಾಕುತ್ತವು. ನೂರು ವರ್ಷ ಕಳುದು ಎಂತ ಒಳಿಯೆಕ್ಕು ಹೇಳಿ ಆ ಒಂದು ಅಕ್ಷರಲ್ಲಿ ತೀರ್ಮಾನ ಆವ್ತು.

ಇಂಗ್ಲೆಂಡಿಲಿ ಹಿಲರಿ ಜೆಂಕಿನ್ಸನ್ ಹೇಳಿ ಒಬ್ಬ ದೊಡ್ಡ ದಾಖಲೆಗಾರ ಇತ್ತಿದ್ದವು. ಈ ಉದ್ಯೋಗದ ಕೈಪಿಡಿಯ 1922ರಲ್ಲಿ ಬರದೋರು. ಅವರ ಮತ ಎಂತರ ಹೇಳಿರೆ, ಕಾಗದ ಕಾವೋನು ಕಾಗದ ಆರ್ಸುಲಾಗ. ಯೇವದು ಬೇಡ ಹೇಳಿ ಆಪೀಸಿನೋರೇ ಅವರವರ ಕೆಲಸಕ್ಕೆ ಬೇಕಾದ ಹಾಂಗೆ ತೀರ್ಮಾನ ಮಾಡಲಿ. ಕಾವೋನು ಆರ್ಸಲೆ ಹೆರಟರೆ ಅವನ ರುಚಿ ಇತಿಹಾಸಕ್ಕೆ ಸೇರ್ತು. ಕೇಳ್ಲೆ ನ್ಯಾಯ ಇದ್ದು. ಆದರೆ ಆಪೀಸಿನೋರಿಂಗೆ ಬೇಕಪ್ಪದು ಆಪೀಸಿಂಗೆ ಬೇಕಾದ್ದು ಮಾಂತ್ರ. ಒಕ್ಕಲಿಂಗೆ, ಹೆಮ್ಮಕ್ಕೊಗೆ, ಜಾಗೆ ಕಳಕ್ಕೊಂಡೋರಿಂಗೆ ಎಂತ ಬೇಕಕ್ಕು ಹೇಳಿ ಆ ಗುಮಾಸ್ತಂಗೆ ಹೇಂಗೆ ಗೊಂತಾಯೆಕ್ಕು? ಎನ್ನ ಮನಸ್ಸು ಈ ವಿಷಯಲ್ಲಿ ಜೆಂಕಿನ್ಸನಿನ ಹೊಡೆಲಿ ಇಲ್ಲೆ.

ಎಂತಗೆ ಹೇಳಿ ಹೇಳ್ತೆ. ಎಂಗಳ ಅಜ್ಜನ ಕಾಲಲ್ಲಿ ಎಂಗಳ ವರ್ಗ ಜಾಗೆಯ ಮೇಗಾಣ ಕುಮ್ಕಿ ಗುಡ್ಡೆಯ ಬೇರೆ ಒಬ್ಬರು ದರ್ಖಾಸ್ತಿಲಿ ಕೇಳಿತ್ತಿದ್ದವು. ಘಟ್ಟದ ಮೇಗಾಣೋರಿಂಗೆ ಕುಮ್ಕಿ ಹೇಳಿರೆ ಅರಡಿಯ: ಕೃಷಿ ಜಾಗೆಯ ಗಡಿಂದ 45 ಕೋಲು, ಅಂದಾಜು ನೂರು ಗಜ ದೂರದ ವರೆಗಾಣ ಸರಕಾರಿ ಜಾಗೆಲಿ ಸೊಪ್ಪು, ದರಗು, ಸೌದಿ ತೆಗವ ಹಕ್ಕು ಆ ಜಾಗೆಯೋನಿಂಗೆ. ಜಾಗೆ ಸರಕಾರದ್ದೇ, ಸೊಪ್ಪು ನಮ್ಮದು. ಸೊಪ್ಪಿಲ್ಲದ್ದೆ ಅಡಕ್ಕೆ ತೋಟ ಇಲ್ಲೆ. ಅಜ್ಜ ತಕರಾರು ಹಾಕಿ, ಸೋತು, ಮೇಗೆ ಹೋಗಿ, ಕೊನೆಗೆ ಮದ್ರಾಸಿನ ರೆವೆನ್ಯೂ ಬೋರ್ಡಿಲಿ ಗೆದ್ದವು. ಬೋರ್ಡಿನ ಆರ್ಡರಿನ ನಕಲು ಮನೆಲಿ ಇದ್ದತ್ತು. ಮೂವತ್ತು ಮಳೆಗಾಲ ಕಳುದಪ್ಪಗ ಒರಳೆ ಅದರ ಪೂರ್ತಿ ತಿಂದು ಮುಗುಶಿತ್ತು.

1960ರ ದಶಕಲ್ಲಿ ಅದೇ ಗುಡ್ಡೆಯ ತಕರಾರು ಪುನಃ ಎದ್ದತ್ತು. ಅಪ್ಪ ಒಂದು ಆಪೀಸಿಂಗೆ ಹೋಗಿ ಹಳೆ ಫೈಲು ಕೇಳಿದವು. ಡಿ. ಡಿಸ್. ಆಯಿದು, ಹತ್ತು ವರ್ಷ ಕಳುದಪ್ಪಗ ನಾಶ ಮಾಡಿ ಆಯಿದು ಹೇಳಿ ಉತ್ತರ. ಅಲ್ಯಾಣೋರು ಮಾಡಿದ್ದು ಕಾನೂನು ಪ್ರಕಾರವೇ. ಅಪ್ಪಂಗೆ ಕೋಪ ಬಂತು, ಆದರೆ ಕೋಪ ಮಾಡಿ ಆರ ಮೇಗೆ? ಅಲ್ಲಿ ಒಬ್ಬ ಹಳೆ ಶಿರಸ್ತೇದಾರರು ಹೇಳಿದವಡ, "ಫೈಲು ಹೋದರೆ ಹೋತು ಭಟ್ರೇ, ರಿಜಿಸ್ಟ್ರಿ ಪುಸ್ತಕ ಇದೆಯಲ್ಲ, ಅದರಲ್ಲಿ ಬೋರ್ಡಿನ ನಂಬ್ರ ಬರೆದಿರ್ತಾರೆ. ನಂಬ್ರ ಹಿಡ್ಕೊಂಡು ಮದ್ರಾಸಿಗೆ ಹೋಗಿ." ಆ ರಿಜಿಸ್ಟ್ರಿ ತೆಗದು ನಂಬ್ರವನ್ನೂ ತಾರೀಕನ್ನೂ ಬರಕ್ಕೊಂಡು ಬಂದವು.

ಅಪ್ಪ ಮಂಗ್ಳೂರಿಂದ ಮದ್ರಾಸು ಮೈಲಿಲಿ ಹೋದವು. ಅದೇ ಸುರು ಅವು ಕೊಡೆಯಾಲ ದಾಂಟಿ ಹೋದ್ದು. ಸೆಂಟ್ರಲಿಲಿ ಇಳುದು ಎಗ್ಮೋರಿಂಗೆ ನೆಡದೇ ಹೋದವಡ, ರಿಕ್ಷಾದೋನು ಕೇಳಿದ ಪೈಸೆ ಹೆಚ್ಚಾತು ಹೇಳಿ. ಕೆಂಪು ಕಟ್ಟೋಣಲ್ಲಿ ಅರ್ಜಿ ಕೊಟ್ಟವು. ಎರಡು ದಿನ ಕಾಯೆಕ್ಕಾತು. ಮೂರನೇ ದಿನ ಅಟೆಂಡರು ಬಟ್ಟೆಲಿ ಕಟ್ಟಿದ ಒಂದು ಕಟ್ಟ ತಂದು ಮೇಜಿನ ಮೇಗೆ ಮಡುಗಿದ. ಅದರ ಒಳ, ಎಂಗಳ ಗ್ರಾಮದ ಹೆಸರು ಇಂಗ್ಲಿಷಿಲಿ ತಪ್ಪಾಗಿ ಬರದು, ಅಜ್ಜನ ಹೆಸರು ಇನ್ನೂ ತಪ್ಪಾಗಿ ಬರದು, ನಾಲ್ಕು ಪುಟದ ಆರ್ಡರು. "ಅಜ್ಜನ ಹೆಸರು ಕಂಡಪ್ಪಗ ಅಲ್ಲೇ ಕೈ ಮುಗುದೆ" ಹೇಳಿ ಅಪ್ಪ ಹೇಳುಗು. ಅಪ್ಪ ಹಾಂಗೆಲ್ಲ ಕೈ ಮುಗಿವ ಪೈಕಿ ಅಲ್ಲ.

ನಕಲು ಮಾಡ್ಸಿ, ಮೊಹರು ಹಾಕ್ಸಿ ತಂದವು. ಕೋರ್ಟಿಂಗೆ ಹೋಯೆಕ್ಕಾಗಿ ಬಯಿಂದಿಲ್ಲೆ. ಎದುರು ಪಾರ್ಟಿಯೋರು ನಕಲು ನೋಡಿಕ್ಕಿ, ಗಡಿಲಿ ಕಲ್ಲು ಹಾಕ್ಸುವ, ಮತ್ತೆ ಮಾತು ಬೇಡ ಹೇಳಿದವು. ಆ ಗುಡ್ಡೆಯ ಸೊಪ್ಪು ಇಂದಿಂಗೂ ಎಂಗಳ ತೋಟಕ್ಕೇ ಬತ್ತು.

ಈಗ ಲೆಕ್ಕ ಹಾಕಿ. ಒಂದು ಆಪೀಸಿಲಿ ಫೈಲು ನಾಶ ಆದ್ದು ಕಾನೂನು ಪ್ರಕಾರ. ಇನ್ನೊಂದು ಊರಿಲಿ ಅದರ ಆರ್ಡರು ಒಳುದ್ದುದೆ ಕಾನೂನು ಪ್ರಕಾರ. ಎರಡರ ನೆಡುಗೆ ಕೊಂಡಿ ಒಂದು ನಂಬ್ರ. ಆ ನಂಬ್ರ ಹೇಳಿಯಪ್ಪಗ ಲಕ್ಷಗಟ್ಟಲೆ ಕಾಗದದ ನೆಡುಗಂದ ಅದೊಂದು ಕಟ್ಟ ಮೂರೇ ದಿನಲ್ಲಿ ಹೆರ ಬರೆಕ್ಕಾರೆ, ಅದರ ಹಾಂಗೆ ಸಾಲಾಗಿ ಜೋಡ್ಸಿ ಸೂಚಿ ಮಾಡಿ ಮಡುಗಿದೋರು ಇರೆಕ್ಕು. ಅಪ್ಪ ಹೋಪಗ ಬಾಳಿಗರು ತೀರಿಹೋಗಿ ವರ್ಷಂಗೊ ಆಗಿದ್ದತ್ತು. ಅಪ್ಪಂಗೆ ಅವರ ಹೆಸರೂ ಗೊಂತಿತ್ತಿಲ್ಲೆ. ಎನಗೆ ಗೊಂತಾದ್ದು ಎಷ್ಟೋ ಸಮಯ ಕಳುದು, ಒಂದು ಲೈಬ್ರೆರಿಲಿ ತಂಜಾವೂರು ಜಿಲ್ಲೆಯ ಪುಸ್ತಕದ ಮುಖಪುಟ ಕಂಡಪ್ಪಗ.

ಕಾಗದ ಕಾವದು ಹೇಳಿರೆ ಪಟ್ಟಿ ಮಾಡುದು ಮಾಂತ್ರ ಅಲ್ಲನ್ನೆ. ಮದ್ರಾಸಿನ ಸೆಕೆ, ಕಡಲ ಗಾಳಿ, ಒರಳೆ, ಜಿರಳೆ. ಅದರ ಮೇಗೆ ಶಾಯಿಯೇ ಶತ್ರು. ಹಳೆ ಶಾಯಿ ಮಾಡಿಗೊಂಡಿದ್ದದು ಕಾಯಿಗಳ ಒಗರಿಂಗೆ ಕಬ್ಬಿಣದ ಉಪ್ಪು ಸೇರ್ಸಿ. ನಮ್ಮಲ್ಲಿ ಅಣಿಲೆಕಾಯಿಗೆ ಅನ್ನಭೇದಿ ಹಾಕಿ ಮಾಡಿಗೊಂಡಿದ್ದ ಹಾಂಗೇ. ಕರಿ ಗಟ್ಟಿ ಬತ್ತು, ಆದರೆ ಅದರ ಹುಳಿ ನೂರು ವರ್ಷಲ್ಲಿ ಕಾಗದವ ತಿಂತು. ಬರದ ಅಕ್ಷರದ ಆಕಾರಲ್ಲೇ ಕಾಗದ ಒಟ್ಟೆ ಆಗಿ ಉದುರುತ್ತು. ಅದಕ್ಕೆ ಮದ್ದು ಹೇಳಿ ಭಾರತದ ದಾಖಲೆ ಆಪೀಸುಗಳಲ್ಲಿ ಮಾಡಿಗೊಂಡಿದ್ದದು, ಕಾಗದದ ಎರಡು ಹೊಡೆಂಗೂ ತೆಳು ಶಿಫಾನ್ ರೇಶ್ಮೆ ಬಟ್ಟೆ ಅಂಟ್ಸುದು. ಆಚಿಗೆ ಅಕ್ಷರ ಕಾಣ್ತು, ಕಾಗದ ಉದುರುತ್ತಿಲ್ಲೆ. ಅಂಟಿಂಗೆ ಹುಳು ಬಾರದ್ದ ಹಾಂಗೆ ಲವಂಗದ ಎಣ್ಣೆ ಸೇರ್ಸುದು. ಪುಸ್ತಕ ಕಟ್ಟುವೋರು ಮೈದಾ ಅಂಟಿಂಗೆ ಮೈಲುತುತ್ತು ಹಾಕುತ್ತವು. ಅಡಕ್ಕೆಗೆ ಕೊಳೆರೋಗ ಬಾರದ್ದ ಹಾಂಗೆ ನಾವು ಬಿಡ್ತದೂ ಅದನ್ನೇ! ರೇಶ್ಮೆ ಬಟ್ಟೆಯೂ ಶಾಶ್ವತ ಅಲ್ಲ, ಕೆಲವು ದಶಕ ಕಳುದಪ್ಪಗ ಅದರ ಬಿಡ್ಸಿ ಹೊಸತ್ತು ಹಾಕೆಕ್ಕು. ಒಂದು ಹಾಳೆಗೆ ಮಾಡಿದ ಕೆಲಸ ಮುಗುದತ್ತು ಹೇಳಿ ಇಲ್ಲೆ. ಮಾಡಿನ ಸೋಗೆಯ ಹಾಂಗೆ, ವರ್ಷ ವರ್ಷ ಹೊದಿಶಿಗೊಂಡೇ ಇರೆಕ್ಕು.

ಬಾಳಿಗರ ಕಾಲದ ಇನ್ನೊಂದು ಇಕ್ಕಟ್ಟು ಹೇಳದ್ದರೆ ಆಗ. ಬ್ರಿಟಿಷರ ಕಾಲಲ್ಲಿ ದಾಖಲೆ ಸರಕಾರದ ಸ್ವಂತ ಸೊತ್ತು, ಊರೋರದ್ದಲ್ಲ. ಸಂಶೋಧನೆ ಮಾಡ್ತೋರಿಂಗೆ ಒಳ ಬಿಟ್ಟರೂ ಅವು ಬರಕ್ಕೊಂಡ ಟಿಪ್ಪಣಿಯ ಅಧಿಕಾರಿಗೊ ಓದಿ, ಇದು ಹೆರ ಹೋಪಲಕ್ಕು, ಇದು ಆಗ ಹೇಳಿ ಗೀಟು ಹಾಕಿದ ಮತ್ತೆಯೇ ಕೊಡುದು ಕ್ರಮ. 1891ರಲ್ಲಿ ಕಲ್ಕತ್ತಲ್ಲಿ ಸುರು ಆದ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟಿಲೂ ಹೀಂಗೇ. 1939ರಲ್ಲಿ ಅದರ ಯೆಜಮಾನ್ತಿಕೆಗೆ ಸುರೇಂದ್ರನಾಥ ಸೇನ್ ಬಂದ ಮೇಗೆ ಬಾಗಿಲು ಹೆಚ್ಚು ಹೆಚ್ಚು ತೆಗಕ್ಕೊಂಡು ಹೋತು. ಒಂದೇ ಹೆಸರಿನ ಇಬ್ರು, ಒಬ್ರು ದೆಹಲಿಲಿ ಒಬ್ರು ಮದ್ರಾಸಿಲಿ! ಇಬ್ರೂ ದೊರೆಗಳ ಕೆಳ ಕೆಲಸ ಸುರು ಮಾಡಿ ಸ್ವತಂತ್ರ ಭಾರತದ ನೌಕರರಾಗಿ ಮುಂದರ್ಸಿದವು. 1947ರ ಆಗಸ್ಟಿಲಿ ಬಾವುಟ ಬದಲಿತ್ತು, ಕಪಾಟು ಬದಲಿದ್ದಿಲ್ಲೆ. ಅದೇ ಕಟ್ಟ, ಅದೇ ಬೀಗದಕೈ. ಆದರೆ ಕಾಗದ ಆರದ್ದು ಹೇಳ್ತ ಪ್ರಶ್ನೆಗೆ ಉತ್ತರ ಬದಲಿತ್ತು. 1993ರ ಕಾನೂನಿನ ಪ್ರಕಾರ ಈಗ ಕೇಂದ್ರ ಸರಕಾರದ ದಾಖಲೆಯ ಕ್ರಮ ತಪ್ಪಿ ನಾಶ ಮಾಡಿರೆ ಐದು ವರ್ಷದ ವರೆಗೆ ಜೈಲು, ಹತ್ತು ಸಾವಿರದ ವರೆಗೆ ದಂಡ, ಅಲ್ಲದ್ರೆ ಎರಡೂ. ಕರ್ನಾಟಕಕ್ಕೆ ಇದೇ ನಮುನೆಯ ಕಾನೂನು ಬಂದದು 2010ರಲ್ಲಿ. ಒಬ್ಬ ಗುಮಾಸ್ತ ಜೈಲಿಂಗೆ ಹೋದ್ದರ ಆನು ಕೇಳಿದ್ದಿಲ್ಲೆ, ಅದು ಬೇರೆ ಮಾತು.

ಬಾಳಿಗರ ಕೊನೆಯ ದೊಡ್ಡ ಕೆಲಸ ಜಿಲ್ಲಾ ಕೈಪಿಡಿಗೊ. ಬ್ರಿಟಿಷರ ಕಾಲಲ್ಲಿ ಒಂದೊಂದು ಜಿಲ್ಲೆಗೂ ಮ್ಯಾನುವಲ್, ಗೆಜೆಟಿಯರ್ ಹೇಳಿ ಬರದಿತ್ತಿದ್ದವು. ನಮ್ಮ ಜಿಲ್ಲೆಗೆ ಸ್ಟರಾಕ್ ದೊರೆಯ ಮ್ಯಾನುವಲ್ 1894ರದ್ದು, ಅದರ ಎರಡನೇ ಭಾಗವ ಮರುವರ್ಷ ಸ್ಟುವರ್ಟ್ ಮುಗುಶಿದವು. ಅದೆಲ್ಲ ಹಳತ್ತಾತು, ಹೊಸತ್ತು ಬರೆಯೆಕ್ಕು ಹೇಳಿ ಆಗಿ, ಮದ್ರಾಸು ಸರಕಾರ ಆ ಕೆಲಸವ ಬಾಳಿಗರಿಂಗೆ ಒಪ್ಪುಶಿತ್ತು. ತಂಜಾವೂರಿಂದು 1957ರಲ್ಲಿ ಅಚ್ಚಾತು. ಮರುವರ್ಷವೇ ಅವು ತೀರಿಗೊಂಡವು, ಐವತ್ತು ವರ್ಷ ಆಸುಪಾಸಿಲಿ. ಆದರೆ ಅವು ಬರದು ಮಡುಗಿದ್ದು ಒಂದರ ಹಿಂದೆ ಒಂದು ಹೆರ ಬಂದುಗೊಂಡೇ ಇದ್ದತ್ತು. ಮಧುರೆ 1960ರಲ್ಲಿ, ದಕ್ಷಿಣ ಆರ್ಕಾಟು 1962ರಲ್ಲಿ, ಕೊಯಮುತ್ತೂರು 1966ರಲ್ಲಿ. ಎಲ್ಲದರ ಮೇಗೂ ಅವರದ್ದೇ ಹೆಸರು. ಬದುಕಿಪ್ಪಗ ಬೇರೆಯೋರ ಕಾಗದವ ಕಾದು ಮಡುಗಿದ ಜೆನ, ಅವರ ಕಾಗದವ ಅವರ ಆಪೀಸಿನೋರು ಕಾದು ಮಡುಗಿದವು.

ಆ ಸಾಲಿಲಿ ದಕ್ಷಿಣ ಕನ್ನಡ ಇಲ್ಲೆ. ಇಪ್ಪಲೂ ಎಡಿಯ. 1956ರ ನವೆಂಬರು ಒಂದಕ್ಕೆ ರಾಜ್ಯಂಗಳ ಗಡಿ ಬದಲುವಗ ಜಿಲ್ಲೆ ಮೈಸೂರಿಂಗೆ ಬಂತು, ಕಾಸರಗೋಡು ಕೇರಳಕ್ಕೆ ಹೋತು. ತಂಜಾವೂರಿನ ಕಾವೇರಿ ಕಾಲುವೆ, ಮಧುರೆಯ ದೇವಸ್ಥಾನ, ಕೊಯಮುತ್ತೂರಿನ ಹತ್ತಿ ಗಿರಣಿ, ಎಲ್ಲದರ ಬಗ್ಗೆ ಬರದ ಬಾಳಿಗರಿಂಗೆ ನೇತ್ರಾವತಿಯ ಬಗ್ಗೆ ಬರವ ಸರಕಾರಿ ಆರ್ಡರು ಬಪ್ಪ ದಾರಿಯೇ ಮುಚ್ಚಿತ್ತು. ಎನಗೆ ಇದು ಸಣ್ಣ ಬೇಜಾರು ಅಲ್ಲ. ಜಿಲ್ಲೆಯ 157 ವರ್ಷದ ಕಾಗದವ ಕೈಲಿ ಹಿಡುದು ಗೊಂತಿಪ್ಪ, ಊರಿನ ಭಾಷೆ ಅರಡಿವ, ಇತಿಹಾಸ ಕಲ್ತ ಒಬ್ಬರು ಅಲ್ಲಿತ್ತಿದ್ದವು. ಇಲ್ಯಾಣ ಗೆಜೆಟಿಯರ್ ಅಭಿಶಂಕರ್ ಸಂಪಾದಕತ್ವಲ್ಲಿ ಹೆರ ಬಂದದು 1973ಕ್ಕೆ. ಒಳ್ಳೆ ಪುಸ್ತಕವೇ, ಎಂಗಳ ಮನೆಲೂ ಇದ್ದು.

ಜಿಲ್ಲೆ ಇತ್ತೆ ಬಂತು, ಹಳೆ ಕಾಗದದ ದೊಡ್ಡ ಪಾಲು ಅಲ್ಲೇ ಒಳುದತ್ತು. ಮೈಸೂರು ರಾಜ್ಯಕ್ಕೆ ಬಂದ ಮೇಗೂ ಕಂಪೆನಿ ಕಾಲದ ದಕ್ಷಿಣ ಕನ್ನಡದ ಬಗ್ಗೆ ಬರವೋರು ರೈಲು ಹತ್ತಿ ಮದ್ರಾಸಿಂಗೇ ಹೋಯೆಕ್ಕಾತು. 1799ರಿಂದ 1860ರ ವರೆಗಾಣ ದಕ್ಷಿಣ ಕನ್ನಡದ ಆಡಳ್ತೆಯ ಬಗ್ಗೆ ಪುಸ್ತಕ ಬರದ ಎನ್. ಶ್ಯಾಮ ಭಟ್ಟರ ಹಾಂಗಿಪ್ಪೋರು ಓದಿದ್ದುದೆ ಅದೇ ಕಟ್ಟಂಗಳ. 1837ರಲ್ಲಿ ಸುಳ್ಯಂದ ಹೆರಟು ಮಂಗ್ಳೂರಿನ ವರೆಗೆ ಬಂದ ರೈತರ ದಂಗೆಯ ಬಗ್ಗೆ ಕಲೆಕ್ಟರು ಗಾಬರಿಲಿ ಮೇಗಾಣೋರಿಂಗೆ ಎಂತ ಬರದವು ಹೇಳಿ ಬೇಕಾದರುದೆ ಎಗ್ಮೋರಿಂಗೇ ಹೋಯೆಕ್ಕು. ಆಪೀಸಿನ ಹೆಸರು ಈಗ ತಮಿಳುನಾಡು ಆರ್ಕೈವ್ಸ್. ಕಟ್ಟೋಣ ಅದೇ, ಕೆಂಪೇ. ಹೋವ್ತರೆ ಗ್ರಾಮದ ಹೆಸರಿನ ಇಂಗ್ಲಿಷಿಲಿ ನಾಲ್ಕೈದು ನಮುನೆ ತಪ್ಪಾಗಿ ಬರಕ್ಕೊಂಡು ಹೋಗಿ, ಸೂಚಿಲಿ ಅದರಲ್ಲಿ ಯೇವದಾರು ಒಂದು ಸಿಕ್ಕುಗು.